ಟಿವಿಯಲ್ಲಿ ಬಂದ ಕೈ

ಕಚೇರಿಯಲ್ಲಿ ಅವಳಿಗೆ ವಿಮಾನಮ್ಮ ಎಂದು ಹೆಸರು ಬಿದ್ದಿತ್ತು. ಯಾರು ಯಾವಾಗ ಫೋನ್ ಮಾಡಿದರೂ ‘ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಹೆಣ್ಣುದನಿಯೇ ಸಿಗುತ್ತಿತ್ತು. ಕೇಳಿದರೆ ‘ಏರೋಪ್ಲೇನ್ ಮೋಡಲ್ಲಿ ಹಾಕಿದ್ದೆ’ ಎನ್ನುತ್ತಿದ್ದಳು. ವಿಮಾನದ ಮಾತು ಹಾಗಿರಲಿ, ಸಂಜೆ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕರೆ ಅವಳ ಪಾಲಿಗೆ ಅದೇ ಸ್ವರ್ಗ.

ಹಾಗೆ ಫೋನಿನ ಬಾಯಿ ಮುಚ್ಚಿಸಿ ಇಡುವುದಕ್ಕೆ ಕಾರಣವಿತ್ತು. ಅವಳು ವರದಿಗಾರ್ತಿಯಾಗಿದ್ದ ಪತ್ರಿಕೆಯಲ್ಲಿ ಒಂದು ಹಳೆಯ ಪದ್ಧತಿ. ಪ್ರತಿ ವರದಿಯ ಕೆಳಗೆ ಬರೆದವರ ಹೆಸರು, ಹೆಸರಿನ ಕೆಳಗೆ ಅವರ ಮೊಬೈಲ್ ನಂಬರ್. ‘ಓದುಗ ನಮ್ಮ ಧಣಿ, ಧಣಿ ಕರೆದರೆ ಓಗೊಡಬೇಕು’ ಎನ್ನುವುದು ಸಂಪಾದಕರ ಸಿದ್ಧಾಂತ. ಬಸ್ಸು ಬರಲಿಲ್ಲ, ಬೀದಿದೀಪ ಉರಿಯುತ್ತಿಲ್ಲ ಎಂದು ಮುದುಕರು ಫೋನ್ ಮಾಡುತ್ತಿದ್ದ ಕಾಲಕ್ಕೆ ಅದು ಚಂದವೇ ಇತ್ತು. ಈಗ ಅವಳ ಒಂದು ವರದಿ ಅಚ್ಚಾದರೆ ಸಾಕು, ಹೆಸರಿಲ್ಲದ, ಮುಖವಿಲ್ಲದ ಧಣಿಗಳು ಬೆಳಗಿನಿಂದಲೇ ಸಾಲುಗಟ್ಟುತ್ತಿದ್ದರು. ಬೈಗುಳವನ್ನಾದರೂ ನುಂಗಬಹುದು. ಒಂದು ದಿನ ಯಾರೋ ಅವಳ ಮಗಳ ಶಾಲೆಯ ಗೇಟಿನ ಫೋಟೋ ಕಳಿಸಿದ್ದರು. ಜೊತೆಗೆ ಒಂದಕ್ಷರವೂ ಇರಲಿಲ್ಲ. ಅದನ್ನು ನುಂಗುವುದು ಆಗಲಿಲ್ಲ.

ಠಾಣೆಗೆ ಹೋದಳು. ಸೈಬರ್ ವಿಭಾಗದ ಮೇಜಿನ ಹಿಂದೆ ಕೂತಿದ್ದವನು ಫೋಟೋವನ್ನು ಹಿಗ್ಗಿಸಿ ನೋಡಿ, ಕುಗ್ಗಿಸಿ ನೋಡಿ, “ಗೇಟ್ ಚೆನ್ನಾಗಿದೆ. ಇದರಲ್ಲಿ ಬೆದರಿಕೆ ಎಲ್ಲಿದೆ ಮೇಡಂ?” ಎಂದ.

“ನನ್ನ ಮಗಳು ಅಲ್ಲಿ ಓದ್ತಾಳೆ ಸಾರ್.”

“ಸರಿ. ನಿಮ್ಮ ನಂಬರ್ ಅವನಿಗೆ ಹೇಗೆ ಸಿಕ್ತು?”

“ಪತ್ರಿಕೇಲಿ ಹಾಕ್ತಾರೆ.”

“ಯಾರ ಪತ್ರಿಕೆ?”

“ನಮ್ಮದೇ.”

ಅವನು ಪೆನ್ನು ಕೆಳಗಿಟ್ಟ. “ಮನೆಗೆ ಬೀಗ ಹಾಕಿ ಕೀಲಿಕೈನ ಬಾಗಿಲಿಗೇ ನೇತು ಹಾಕಿದೀರಲ್ಲ ಮೇಡಂ. ಮೊದ್ಲು ನಿಮ್ಮ ಸಾಹೇಬರಿಗೆ ಹೇಳಿ.”

ಸಾಹೇಬರಿಗೆ, ಅಂದರೆ ಸಂಪಾದಕರಿಗೆ ಹೇಳಿದಳು. ಅವರು ಯಾವುದಕ್ಕೂ ಇಲ್ಲ ಎಂದವರಲ್ಲ, ಯಾವುದಕ್ಕೂ ಹೂಂ ಎಂದವರೂ ಅಲ್ಲ. ‘ನೋಡೋಣ’ ಎನ್ನುವುದೊಂದೇ ಅವರ ಉತ್ತರ. ಹಾಗಾಗಿ ಬೆನ್ನ ಹಿಂದೆ ಅವರು ನೋಡೋಣಪ್ಪನವರು. ಈ ಸಲ ಅವರು ನೋಡಿದ್ದು ಒಂದು ಕಾರ್ಯಾಗಾರವನ್ನು. ‘ಪತ್ರಕರ್ತರ ಡಿಜಿಟಲ್ ಸುರಕ್ಷತೆ’ ಎಂದು ಬ್ಯಾನರ್ ಕಟ್ಟಿಸಿ, ಹೊರಗಿನಿಂದ ಒಬ್ಬ ಟೈ ಕಟ್ಟಿದವನನ್ನು ಕರೆಸಿದರು. ಅವನು ಒಳ್ಳೆಯ ಮಾತನ್ನೇ ಹೇಳಿದ. ಕೊನೆಯಲ್ಲಿ ಎಲ್ಲರೂ ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಆ ಫೋಟೋ ಪತ್ರಿಕೆಯ ಪೇಜಿಗೂ ಹೋಯಿತು. ಹಿಂದಿನ ಬೋರ್ಡಿನಲ್ಲಿ ಕಚೇರಿಯ ವೈಫೈ ಪಾಸ್‌ವರ್ಡು ದೊಡ್ಡ ಅಕ್ಷರದಲ್ಲಿ ನಗುತ್ತಿತ್ತು. ಅದನ್ನು ಮೊದಲು ಕಂಡವಳು ವಿಮಾನಮ್ಮ. ತಲೆ ಚಚ್ಚಿಕೊಳ್ಳೋಣವೆಂದರೆ ಹತ್ತಿರದಲ್ಲಿದ್ದದ್ದು ಆ ಬೋರ್ಡು ಇದ್ದ ಗೋಡೆಯೇ.

ಯಾರನ್ನೂ ನಂಬಿ ಪ್ರಯೋಜನವಿಲ್ಲ ಎಂದು ಅವಳು ತನ್ನದೇ ದುಡ್ಡಿನಲ್ಲಿ ಎರಡನೆಯ ಫೋನು ಕೊಂಡಳು. ಆ ನಂಬರು ಯಾರಿಗೂ ಇಲ್ಲ, ಪತ್ರಿಕೆಗಂತೂ ಇಲ್ಲವೇ ಇಲ್ಲ. ಸುದ್ದಿ ಕೊಡುವವರ ಜೊತೆಗಿನ ಕೆಲಸಕ್ಕೆ ಮಾತ್ರ ಅದು. ಎಲ್ಲ ಸರಿಯಾಗಿಯೇ ಮಾಡಿದಳು, ಒಂದನ್ನು ಬಿಟ್ಟು. ಫೋನು ಬಂದ ದಿನ ಅವಳಿಗೆ ಮೈಮೇಲೆ ಎಚ್ಚರವಿಲ್ಲದಷ್ಟು ಸುಸ್ತು. “ಕೊಡು ಇಲ್ಲಿ, ನಾನು ರೆಡಿ ಮಾಡ್ತೀನಿ. ನೀನು ಮಲ್ಕೋ” ಎಂದ ಗಂಡ. ಪ್ರೀತಿಯಿಂದಲೇ ಎಂದ. ಅವಳು ಕೊಟ್ಟು ಮಲಗಿದಳು.

*

ಆ ಫೋನಿನಲ್ಲಿ ಅವಳು ಹಿಡಿದ ಮೊದಲ ದೊಡ್ಡ ಸುದ್ದಿ ನೀರಿನದು.

ಊರಿಗೆ ನೀರು ಶುದ್ಧ ಮಾಡಿ ಬಿಡುವ ಘಟಕವನ್ನು ಒಂದು ಕಂಪನಿ ಗುತ್ತಿಗೆಗೆ ಹಿಡಿದಿತ್ತು. ಅಲ್ಲಿ ಬೆಳಗಿನ ಪಾಳಿಯಲ್ಲಿ ನೀರು ಬಿಡುವ ಆಪರೇಟರ್ ಅವಳನ್ನು ಹುಡುಕಿಕೊಂಡು ಬಂದಿದ್ದ. ನೀರಿಗೆ ಕ್ಲೋರಿನ್ ಬೆರೆಸುವ ಯಂತ್ರ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಸಿಲಿಂಡರುಗಳು ಖಾಲಿ, ಬಿಲ್ಲು ಮಾತ್ರ ಭರ್ತಿ. ತಗ್ಗಿನ ಬೀದಿಗಳಲ್ಲಿ ಮಕ್ಕಳು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆ ಸೇರುತ್ತಿದ್ದರು.

ಅವನನ್ನು ಕಾಣಲು ಹೋಗುವಾಗ ಅವಳು ಕಳ್ಳರಿಗಿಂತ ಹೆಚ್ಚು ಎಚ್ಚರ ವಹಿಸಿದ್ದಳು. ತನ್ನ ಹಳೆಯ ಫೋನು ಮನೆಯಲ್ಲಿ. ಅವನ ಫೋನು ಅವನ ಮನೆಯಲ್ಲಿ. ಕಂಪನಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ ಅವನು ಹಿಂದಿನ ಗೇಟಿನಿಂದ ಅವಳನ್ನು ಒಳಗೆ ಬಿಟ್ಟ. ಕ್ಲೋರಿನ್ ಮೀಟರಿನ ಗಾಜಿನ ಮೇಲೆ ಬೆರಳುದಪ್ಪ ದೂಳು. ಮುಳ್ಳು ಕಾಣಲೆಂದು ಅವನು ಅಂಗೈಯಿಂದ ಒರೆಸಿದ. ಅದೇ ಗಳಿಗೆಗೆ ಅವಳು ಕ್ಲಿಕ್ ಮಾಡಿದಳು. ಒಳಗಿನ ಕತ್ತಲಲ್ಲಿ ಉಳಿದ ಚಿತ್ರಗಳೆಲ್ಲ ಮಬ್ಬಾಗಿದ್ದವು, ಇದೊಂದು ಕನ್ನಡಿಯಂತೆ ಬಂದಿತ್ತು. ಸೊನ್ನೆಯ ಮೇಲೆ ಸತ್ತು ಬಿದ್ದ ಮುಳ್ಳು, ಹಿಂದೆ ಖಾಲಿ ಸಿಲಿಂಡರುಗಳ ಸಾಲು, ಪಕ್ಕದಲ್ಲಿ ಅವನ ಕೈ.

“ನನ್ನ ಕೈ ಕಾಣಬಾರ್ದು ಮೇಡಂ” ಎಂದ ಅವನು. ಹೆಬ್ಬೆರಳಿನ ಬುಡದಲ್ಲಿ ಎಲೆಯ ಆಕಾರದ ಬಿಳಿ ಸುಟ್ಟ ಕಲೆಯಿತ್ತು. “ಈ ಕಲೆ ನಮ್ಮ ಪ್ಲಾಂಟಿನ ನಾಯಿಗೂ ಗೊತ್ತು. ಕೆಲಸ ಹೋದ್ರೆ ಹೋಗ್ಲಿ. ಇವರು ಕೆಲಸ ತೆಗೆದು ಸುಮ್ಮನಾಗೋ ಜನ ಅಲ್ಲ.”

“ಅಚ್ಚಾಗೋವಾಗ ಕತ್ತರಿಸ್ತೀನಣ್ಣ. ನನ್ನ ಫೋನಿಂದ ಇದು ಎಲ್ಲೂ ಹೋಗಲ್ಲ.”

“ನೀವು ಹೇಳಿದ್ಮೇಲೆ ಸರಿ.”

“ಇನ್ಮೇಲೆ ಫೋನ್ ಬೇಡ. ಆದರೆ ನೀವು ಕ್ಷೇಮವಾಗಿದೀರ ಅಂತ ನನಗೆ ತಿಳಿಯೋದು ಹೇಗೆ?”

ಅವನು ಮೊದಲ ಸಲ ನಕ್ಕ. “ಬೆಳಿಗ್ಗೆ ನಿಮ್ಮನೆ ಕೊಳಾಯಿ ಹತ್ರ ನಿಂತ್ಕೊಳ್ಳಿ. ನಾನು ವಾಲ್ವನ್ನ ಮಗೂನ ಎಬ್ಬಿಸಿದ ಹಾಗೆ ನಿಧಾನ ತಿರುಗಿಸ್ತೀನಿ. ನೀರು ಸದ್ದಿಲ್ದೆ ಬರುತ್ತೆ. ಬೇರೆಯವರು ಒಂದೇ ಏಟಿಗೆ ಬಿಡ್ತಾರೆ, ಪೈಪೆಲ್ಲ ದಡದಡ ಬಡ್ಕೊಳ್ಳುತ್ತೆ. ನಾನು ರಜಾ ಹಾಕೋನಲ್ಲ. ಪೈಪ್ ಬಡ್ಕೊಂಡ್ರೆ ನಾನಿಲ್ಲ ಅಂತ ತಿಳ್ಕೊಳ್ಳಿ.”

ವರದಿ ಬರೆದುಕೊಟ್ಟಳು. ನೋಡೋಣಪ್ಪನವರು ಓದಿ, ಕನ್ನಡಕ ತೆಗೆದು, ವಕೀಲರು ಒಂದು ಸಲ ನೋಡಲಿ ಎಂದರು. ವಕೀಲರು ನೋಡುತ್ತಲೇ ಇದ್ದರು. ಅವಳು ದಿನಾ ಬೆಳಿಗ್ಗೆ ಕೊಳಾಯಿಯ ಮುಂದೆ ನಿಂತು ಸದ್ದಿಲ್ಲದ ನೀರಿಗೆ ಕಿವಿಗೊಡುತ್ತಿದ್ದಳು.

*

ಭಾನುವಾರ ಮಧ್ಯಾಹ್ನ ಭಾವ ಬಂದರು.

ಭಾವ ಎಂದರೆ ಗಂಡನ ಅಕ್ಕನ ಯಜಮಾನರು. ಗಂಡ ಭಾವ ಭಾವ ಎಂದು ಕರೆದೂ ಕರೆದೂ ಮನೆಗೆಲ್ಲ ಅವರು ಭಾವನೇ ಆಗಿದ್ದರು, ಮನೆಯಲ್ಲೇ ಇದ್ದ ಅವಳ ಅತ್ತೆಯೊಬ್ಬರನ್ನು ಬಿಟ್ಟು. ಅತ್ತೆಗೆ ಅವರು ಅಳಿಯಂದಿರು. ಅದೇ ನೀರಿನ ಕಂಪನಿಯಲ್ಲಿ ಅವರು ಮ್ಯಾನೇಜರ್. ಈ ಕಾರಣಕ್ಕೇ ವಿಮಾನಮ್ಮ ಮನೆಯಲ್ಲಿ ನೀರಿನ ವರದಿಯ ಸುದ್ದಿಯನ್ನೇ ಎತ್ತಿರಲಿಲ್ಲ.

ಅತ್ತೆ ಕಾಫಿ ತರುವಷ್ಟರಲ್ಲಿ ಭಾವ ಸೋಫಾದಲ್ಲಿ ಒರಗಿ, ಕಾಲು ಚಾಚಿ, ವಿಷಯಕ್ಕೆ ಬಂದೇಬಿಟ್ಟರು.

“ಏನಮ್ಮ, ನಮ್ಮ ಪ್ಲಾಂಟಿನ ಮೇಲೆ ಏನೋ ಬರೀತಿದೀಯಂತೆ?”

“ಯಾರು ಹೇಳಿದ್ರು ಭಾವ?”

“ನಿಮ್ಮ ವಕೀಲರಿಗೂ ನಮ್ಮ ವಕೀಲರಿಗೂ ಒಂದೇ ಕ್ಯಾಂಟೀನು.” ಅವರು ನಕ್ಕರು. “ಬರಿ, ಬೇಡ ಅನ್ನಲ್ಲ. ಮನೆ ಮಗಳು ನೀನು. ಆದರೆ ಒಳಗಿನವನು ಯಾರೋ ಊದಿದಾನೆ, ಅವನು ಯಾರು ಅಂತ ಹೇಳ್ಬಿಡು. ಅವನಿಗೆ ಎರಡು ಬುದ್ಧಿ ಮಾತು ಹೇಳ್ತೀವಿ, ಅಷ್ಟೆ.”

“ಬುದ್ಧಿ ಮಾತು ಹೇಳೋಕೆ ಹೆಸರ್ಯಾಕೆ? ಎಲ್ಲರಿಗೂ ಒಟ್ಟಿಗೇ ಹೇಳಿ.”

“ನೋಡಯ್ಯ ನಿನ್ನ ಹೆಂಡ್ತಿ ಬಾಯಿ” ಎಂದು ಭಾವ ಅವಳ ಗಂಡನ ಕಡೆ ತಿರುಗಿದರು. ಗಂಡ ಎರಡೂ ಕಡೆಗೆ ಸಲ್ಲುವಂಥ ಒಂದು ನಗೆ ನಕ್ಕ.

ಭಾವನ ಎದುರಿಗೆ ಗೋಡೆಯ ಮೇಲೆ ದೊಡ್ಡ ಟಿವಿ. ಯಾರೂ ಏನೂ ನೋಡದಿದ್ದಾಗ ಅದರಲ್ಲಿ ಮನೆಯ ಫೋಟೋಗಳು ಒಂದಾದ ಮೇಲೊಂದು ಬರುವಂತೆ ಗಂಡ ಏರ್ಪಾಟು ಮಾಡಿದ್ದ. ಅತ್ತೆಗೆ ಅದು ಧಾರಾವಾಹಿಗಿಂತ ಇಷ್ಟ. ಮೊಮ್ಮಗಳ ಹಲ್ಲು ಬಿದ್ದ ನಗು ಬಂತು. ಬೆಕ್ಕು ಬಂತು. ಮದುವೆಯೊಂದರ ಗುಂಪು ಬಂತು. ಆಮೇಲೆ ಒಂದು ಮಬ್ಬು ಚಿತ್ರ ಬಂತು, ನೀಲಿ ಬಣ್ಣದ ದಪ್ಪ ಪೈಪು.

ಆ ಪೈಪನ್ನು ವಿಮಾನಮ್ಮ ಬಲ್ಲಳು.

“ರೀ” ಎಂದಳು ಗಂಡನಿಗೆ, ಹಲ್ಲು ಕಚ್ಚಿಕೊಂಡು. “ನನ್ನ ಹೊಸ ಫೋನಿನ ಫೋಟೋ ಟಿವಿಗೆ ಹೇಗ್ರೀ ಬಂತು?”

“ಅದೇ, ನಾನೇ ಜೋಡಿಸಿದ್ನಲ್ಲ” ಎಂದ ಗಂಡ ಹೆಮ್ಮೆಯಿಂದ. “ಮನೆಮಂದಿಗೆಲ್ಲ ಒಂದೇ ಅಕೌಂಟು. ಯಾರು ಎಲ್ಲಿ ಫೋಟೋ ತೆಗೆದ್ರೂ ತಾನಾಗೇ ಬಂದು ಸೇರುತ್ತೆ. ಫೋನ್ ಕಳೆದ್ರೂ ಫೋಟೋ ಕಳಿಯಲ್ಲ.”

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವುದು ಇದಕ್ಕೇ. ಠಾಣೆ, ಕಾರ್ಯಾಗಾರ, ಏರೋಪ್ಲೇನ್ ಮೋಡು, ಹಿಂದಿನ ಗೇಟು, ಎಲ್ಲವೂ ಒಬ್ಬ ಒಳ್ಳೆಯ ಗಂಡನ ಒಂದು ಒಳ್ಳೆಯ ಕೆಲಸದ ಮುಂದೆ ಚೂರಾಗಿ ಬಿದ್ದಿದ್ದವು. ಬೈಯಲೂ ಪುರುಸೊತ್ತಿರಲಿಲ್ಲ.

“ಅತ್ತೇ, ರಿಮೋಟ್ ಎಲ್ಲಿ?”

“ಅಲ್ಲೇ ಇದೆಯಲ್ಲೇ ಕಣ್ಮುಂದೆ.”

ರಿಮೋಟ್ ಇತ್ತು. ಒತ್ತಿದಳು. ಒತ್ತಿಯೇ ಒತ್ತಿದಳು.

“ಅದರ ಸೆಲ್ಲು ಗಡಿಯಾರಕ್ಕೆ ಹಾಕಿದೀನಿ” ಎಂದ ಗಂಡ. “ಗಡಿಯಾರ ನಿಂತಿತ್ತು.”

ಅವಳಿಗೆ ಅಳು ಬರಲಿಲ್ಲ, ನಗು ಬರಲಿಲ್ಲ. ಪ್ಲಗ್ಗು ಬೀರುವಿನ ಹಿಂದೆ ಇತ್ತು, ಬೀರು ಎಳೆಯಲು ಇಬ್ಬರು ಗಂಡಸರು ಬೇಕು, ಅದರಲ್ಲಿ ಒಬ್ಬರು ಭಾವ. ಅವಳು ಎದ್ದು ಹೋಗಿ ಟಿವಿಗೆ ಬೆನ್ನು ಕೊಟ್ಟು ನಿಂತಳು.

“ಯಾಕಮ್ಮ ಅಡ್ಡ ನಿಂತೆ? ಮಗು ಫೋಟೋ ನೋಡ್ತಿದ್ದೆ” ಎಂದರು ಭಾವ.

“ಕೂತು ಕೂತು ಸೊಂಟ ಹಿಡ್ಕೊಂಡಿದೆ ಭಾವ. ನೀವು ಮಾತಾಡಿ.”

ಭಾವ ಮಾತಾಡಿದರು. ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಬೆನ್ನ ಹಿಂದೆ ಯಾವ ಚಿತ್ರ ಬಂತು, ಯಾವುದು ಹೋಯಿತು ಎಂದು ಅವಳಿಗೆ ಕಾಣುತ್ತಿರಲಿಲ್ಲ. ಎದುರಿಗೆ ಕೂತವರ ಮುಖಗಳಲ್ಲೇ ಅದನ್ನು ಓದಬೇಕಿತ್ತು. ಅತ್ತೆಯ ಮುಖ ಅರಳಿತು: ಮೊಮ್ಮಗಳು. ಗಂಡ ತನ್ನ ಹೊಟ್ಟೆ ನೇವರಿಸಿಕೊಂಡ: ಅವನದೇ ಹಳೆಯ ತೆಳ್ಳಗಿನ ಫೋಟೋ. ಆಮೇಲೆ ಅತ್ತೆ ಹುಬ್ಬು ಗಂಟಿಕ್ಕಿದರು.

“ಇದ್ಯಾರದ್ದೇ ಕೈ?”

ಭಾವ ಕಾಫಿ ಲೋಟ ಹಿಡಿದೇ ಎಡಕ್ಕೆ ಬಾಗಿದರು. ಅವಳೂ ಅತ್ತಲೇ ಜರುಗಿದಳು. ಅವರು ಬಲಕ್ಕೆ ಬಾಗಿದರು. ಗೋಡೆಯಗಲದ ಟಿವಿಗೆ ಅವಳ ಮೈ ಎಷ್ಟೆಂದು ಅಡ್ಡ ಬಂದೀತು? ಎಲ್ಲ ಚಿತ್ರಗಳೂ ಸರಸರ ಹೋಗುತ್ತಿದ್ದವು, ಇದೊಂದು ಬೇರು ಬಿಟ್ಟಂತೆ ನಿಂತಿತ್ತು. ಅವಳು ಏನೂ ಮಾಡಲಾರದೆ ಅತ್ತೆಯನ್ನೇ ನೋಡಿದಳು. ಅತ್ತೆ ಅವಳನ್ನು ನೋಡಿದರು. ಸೊಸೆಯ ಮುಖದಲ್ಲಿ ಅಂಥ ಬಣ್ಣವನ್ನು ಅವರು ಹಿಂದೆ ಒಂದೇ ಸಲ ಕಂಡಿದ್ದರು, ಶಾಲೆಯ ಗೇಟಿನ ಫೋಟೋ ಬಂದ ದಿನ.

“ಇದೇನಿದು ನಮ್ಮ ಪ್ಲಾಂಟಿನ ಸಿಲಿಂಡರ್ ಥರ ಇದೆಯಲ್ಲ” ಎಂದರು ಭಾವ.

“ಎಲ್ಲಿಯ ಪ್ಲಾಂಟು, ಅಳಿಯಂದ್ರೇ” ಎಂದರು ಅತ್ತೆ, ಕಾಫಿಯ ತಟ್ಟೆ ಎತ್ತಿಕೊಂಡು ಅವರ ಮುಖದ ಮುಂದಕ್ಕೇ ಬಂದು. “ನಮ್ಮ ಬೀದಿ ಗ್ಯಾಸಿನ ಅಂಗಡಿ. ಮೊನ್ನೆ ಒಲೆ ಸೋರ್ತಿತ್ತು ಅಂತ ಇವಳು ಹೋಗಿ ಜಗಳ ಆಡಿ ಫೋಟೋ ಹೊಡ್ಕೊಂಡು ಬಂದಿದಾಳೆ. ಇವಳಿಗೆ ಕಂಡದ್ದೆಲ್ಲ ಸುದ್ದಿ. ನಾನು ಕೆಮ್ಮಿದ್ರೂ ಬರ್ಕೊಳ್ತಾಳೆ. ಲೋಟ ಕೊಡಿ, ಆರಿಹೋಗಿದೆ, ಬಿಸಿ ಮಾಡಿಕೊಡ್ತೀನಿ.”

“ಬೇಡ ಅತ್ತೆ, ಕುಡಿದಾಯ್ತು.”

“ಕುಡಿದಿರೋದು ಎಲ್ಲಿ, ಲೋಟದ ತುಂಬ ಇದೆ. ಕೊಡಿ ಅಂದ್ರೆ.”

ಲೋಟದ ಎಳೆದಾಟ ಮುಗಿಯುವಷ್ಟರಲ್ಲಿ ಹಿಂದೆ ಬೆಕ್ಕು ಬಂದಿತ್ತು. ಗಂಡನ ಮುಖ ನೋಡಿ ಅವಳಿಗೆ ಅದು ತಿಳಿಯಿತು. ಬೆಕ್ಕನ್ನು ಕಂಡರೆ ಅವನಿಗಾಗದು.

ಭಾವ ಹೊರಟಾಗ ಬಾಗಿಲಲ್ಲಿ ನಿಂತು ಅವಳನ್ನು ಒಂದು ಗಳಿಗೆ ನೋಡಿದರು. “ಯೋಚನೆ ಮಾಡಮ್ಮ” ಎಂದಷ್ಟೇ ಹೇಳಿದರು. ಅವರು ಕೈ ನೋಡಿದರೋ, ಬರೀ ಸಿಲಿಂಡರು ನೋಡಿದರೋ, ಅತ್ತೆಯ ಮಾತು ನಂಬಿದರೋ ಬಿಟ್ಟರೋ, ಆ ಮುಖದಲ್ಲಿ ಓದಲು ಆಗಲಿಲ್ಲ.

ಅತ್ತೆ ಲೋಟ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದರು. “ಅಳಿಯನಿಗೆ ಸುಳ್ಳು ಹೇಳಿಸ್ದೆ ನನ್ನ ಕೈಲಿ. ಯಾರ ಕೈ ಅಂತ ಕೇಳಲ್ಲ. ಕೇಳಿದ್ರೆ ನಾಳೆ ಮಗಳ ಹತ್ರ ಬಾಯಿ ಬಿಡ್ತೀನಿ. ನನಗೆ ನನ್ನ ಬಾಯಿ ಗೊತ್ತು.”

ವಿಮಾನಮ್ಮ ಗಂಡನನ್ನು ಕೂರಿಸಿಕೊಂಡು, ಪೈಪು, ಮೀಟರು, ಕೈ ಎಲ್ಲವನ್ನೂ ಅಳಿಸಿದಳು. ಅಳಿಸಿದ್ದು ಹೋಗಿ ಕೂರುವ ಕಸದಬುಟ್ಟಿಯನ್ನೂ ಅಳಿಸಿದಳು. ಒಂದು ಪ್ರತಿ ಮಾತ್ರ ಕಚೇರಿಯ ಬೀರುವಿನಲ್ಲಿ, ಬೆರಳುಗಾತ್ರದ ಪೆನ್‌ಡ್ರೈವಿನಲ್ಲಿ ಇತ್ತು.

“ಈ ಅಕೌಂಟಲ್ಲಿ ಇನ್ಯಾರಿದಾರೆ?”

ಗಂಡ ಈಗ ಹೆಮ್ಮೆ ಬಿಟ್ಟಿದ್ದ. “ಅಮ್ಮ, ನಾನು, ನೀನು...” ಎಂದು ನಿಲ್ಲಿಸಿದ.

“ಮುಂದೆ ಹೇಳ್ರೀ.”

“ಅಕ್ಕ. ಮಕ್ಕಳಿಗೆ ಕಾರ್ಟೂನ್ ಬರಲಿ ಅಂತ ಪಾಸ್‌ವರ್ಡ್ ಕೇಳಿದ್ಲು. ಕೊಟ್ಟಿದ್ದೆ.”

“ಅವರ ಮನೆ ಟಿವೀಲೂ ಹೀಗೇ ಫೋಟೋ ಬರುತ್ತಾ?”

“ನಾನೇ ಹೋಗಿ ಜೋಡಿಸಿದ್ದು” ಎಂದ ಅವನು, ಕೇಳಿಸದಷ್ಟು ಮೆಲ್ಲಗೆ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಇಷ್ಟು ದಿನ ಆ ಕೈ ಭಾವನ ಹಾಲಿನಲ್ಲೇ ಬಂದು ಬಂದು ಹೋಗಿರಬಹುದು. ಅವರು ಕಂಡೂ ಇರಬಹುದು, ಟಿವಿಗೆ ಬೆನ್ನು ಮಾಡಿ ಊಟ ಮಾಡುತ್ತಲೂ ಇದ್ದಿರಬಹುದು.

*

ಫೋನ್ ಮಾಡುವುದಿಲ್ಲವೆಂದು ಮಾತಾಗಿತ್ತು. ಅವಳು ಅಂದೇ ಸಂಜೆ ಘಟಕದ ಎದುರಿನ ಬಸ್ ನಿಲ್ದಾಣದಲ್ಲಿ ಸಾಲಿನಲ್ಲಿ ನಿಂತಳು. ಆಪರೇಟರಿಗೆ ಭಾನುವಾರ ಸಂಜೆಯವರೆಗೂ ಕೆಲಸ. ಅವನು ಬಂದು ಅವಳ ಹಿಂದೆ ನಿಂತ. ಇಬ್ಬರೂ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ಮಾತಾಡಿದರು. ಅವಳು ಏನನ್ನೂ ಮುಚ್ಚಿಡದೆ ಹೇಳಿದಳು: ಗಂಡ, ಅಕೌಂಟು, ಟಿವಿ, ಭಾವ.

ಅವನು ಕಲೆಯಿದ್ದ ಕೈಯನ್ನು ಜೇಬಿಗೆ ಇಳಿಸಿದ.

“ಫೋನನ್ನ ಮನೇಲಿ ಬಿಟ್ಟು ಬನ್ನಿ ಅಂದ್ರಿ ನೀವು” ಎಂದ. “ಆವತ್ತು ನಮ್ಮಮ್ಮನ ಡಾಕ್ಟರು ಫೋನ್ ಮಾಡಿದ್ರಂತೆ. ನಾನು ತೆಗೀಲಿಲ್ಲ. ಅಷ್ಟು ಕಟ್ಟುನಿಟ್ಟು ಮಾಡಿ, ನನ್ನ ಕೈನ ನಮ್ಮ ಮ್ಯಾನೇಜರ ಮನೆ ಟಿವೀಲಿ ತೋರಿಸಿದ್ರಿ.”

“ಹೌದಣ್ಣ.”

“ಹೌದಣ್ಣ ಅಂದ್ರೆ ಆಯ್ತಾ?”

“ಇಲ್ಲ. ನೀವು ಬೇಡ ಅಂದ್ರೆ ವರದಿ ನಿಲ್ಲಿಸ್ತೀನಿ. ಅದನ್ನ ಕೇಳೋಕೇ ಬಂದೆ.”

“ನಿಲ್ಲಿಸಿ ನನಗೇನು ಉಪಕಾರ?” ಅವನ ದನಿ ಮೊದಲ ಸಲ ಏರಿತು, ಮುಂದಿನವರು ತಿರುಗಿ ನೋಡಿದರು. ಅವನು ತಗ್ಗಿಸಿದ. “ಅಚ್ಚಾಗದೆ ಇದ್ದಾಗ ನನಗೇನಾದ್ರೂ ಆದ್ರೆ ಆಪರೇಟರ್ ಕಾಲು ಜಾರಿ ತೊಟ್ಟಿಗೆ ಬಿದ್ದ ಅಂತಾರೆ. ಅಚ್ಚಾದ್ಮೇಲೆ ಆದ್ರೆ ಯಾಕೆ ಬಿದ್ದ ಅಂತ ಊರೇ ಕೇಳುತ್ತೆ. ನಾಳೆ ಬರಲಿ. ನಾಡಿದ್ದು ಅಂದ್ರೆ ಬೇಡ.”

ಬಸ್ಸು ಬಂತು. ಅವನು ಹತ್ತಿದ. ಅವಳು ಎದುರು ದಿಕ್ಕಿನ ಬಸ್ಸು ಹಿಡಿದು ಕಚೇರಿಗೆ ಹೋದಳು.

ನೋಡೋಣಪ್ಪನವರು ಮುಖಪುಟ ಕಟ್ಟಿಸುತ್ತಿದ್ದರು.

“ನೀರಿನ ವರದಿ ನಾಳೆ ಹೋಗ್ಬೇಕು ಸಾರ್.”

“ವಕೀಲರು ಏನಂತಾರೋ ನೋಡೋಣ.”

“ನಮ್ಮ ವಕೀಲರು ಕ್ಯಾಂಟೀನಲ್ಲಿ ಅವರ ವಕೀಲರಿಗೆ ಹೇಳಿ ಆಯ್ತು ಸಾರ್. ನೋಡೋಕೆ ಏನೂ ಉಳಿದಿಲ್ಲ. ನಮ್ಮನೆ ಟಿವೀಲೇ ನೋಡಿದ್ದಾಯ್ತು.” ಅವಳು ನಡೆದದ್ದನ್ನೆಲ್ಲ ಹೇಳಿದಳು. “ಆ ಮನುಷ್ಯನಿಗೆ ಈಗ ಇರೋ ರಕ್ಷಣೆ ಅಂದ್ರೆ ನಮ್ಮ ಮುಖಪುಟ ಒಂದೇ.”

ಅವರು ಕನ್ನಡಕ ತೆಗೆದರು, ಹಾಕಿದರು. ಕಂಪನಿಗೆ ತಾವೇ ಫೋನ್ ಮಾಡಿ ಪ್ರತಿಕ್ರಿಯೆ ಕೇಳಿದರು. ಅತ್ತ ಕಡೆಯ ಗದರಿಕೆ ಅವಳಿಗೂ ಕೇಳಿಸುವಷ್ಟು ಜೋರಾಗಿತ್ತು. ಬಹುಶಃ ಆ ಗದರಿಕೆಯೇ ಕೆಲಸ ಮಾಡಿತು. ಅವರು ಫೋನಿಟ್ಟು, “ಹಾಕಿ” ಎಂದರು. ನೋಡೋಣ ಎನ್ನಲಿಲ್ಲ. ಫೋಟೋದಲ್ಲಿ ಕೈಯನ್ನು ಅವಳೇ ಪಕ್ಕದಲ್ಲಿ ನಿಂತು ಕತ್ತರಿಸಿ ತೆಗೆಸಿದಳು. ಸೊನ್ನೆ ಮತ್ತು ಸಿಲಿಂಡರು ಉಳಿದವು.

“ಕೆಳಗೆ ನನ್ನ ನಂಬರ್ ಬೇಡ ಸಾರ್.”

“ಅದೊಂದು ಪದ್ಧತಿ ಅಲ್ವೇನಮ್ಮ. ನಂಬರ್ ಇಲ್ಲದೆ ನಮ್ಮಲ್ಲಿ ವರದಿ ಹೋಗಿಲ್ಲ.”

“ಹಾಗಾದ್ರೆ ನಿಮ್ಮ ನಂಬರ್ ಹಾಕಿ. ಧಣಿ ಕರೆದ್ರೆ ನೀವೇ ಓಗೊಡಿ.”

ಪುಟ ಕಟ್ಟುವವನು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡ. ನೋಡೋಣಪ್ಪನವರು ಅವಳನ್ನು ನೋಡಿದರು. ಶಾಲೆಯ ಗೇಟಿನ ವಿಷಯ ನೆನಪಾಯಿತೋ ಏನೋ. “ಹಾಕಯ್ಯ, ನನ್ನದೇ ಹಾಕು” ಎಂದರು.

*

ಸೋಮವಾರ ಪತ್ರಿಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಘಟಕದ ಮುಂದೆ ಜನ, ಅಧಿಕಾರಿಗಳ ಜೀಪು, ಸಿಲಿಂಡರು ತುಂಬಿದ ಲಾರಿ. ಅವಳು ಏನೋ ಕೇಳಲು ಸಂಪಾದಕರಿಗೆ ಫೋನ್ ಮಾಡಿದಳು. ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದರು. ಅವಳಿಗೆ ಆ ದಿನ ಸಿಕ್ಕ ನಗು ಅದೊಂದೇ.

ಆಪರೇಟರನ ಸುದ್ದಿ ಇರಲಿಲ್ಲ. ಗಂಡನ ಅಕ್ಕನಿಂದಲೂ ಫೋನಿಲ್ಲ. ಗಂಡ ಪಕ್ಕದ ಮನೆಯವನನ್ನು ಕರೆದು ಬೀರು ಸರಿಸಿ, ಟಿವಿಯ ಪ್ಲಗ್ಗು ಕಿತ್ತು, ಅಕೌಂಟಿನಿಂದ ಒಬ್ಬೊಬ್ಬರನ್ನೇ ಬಿಡಿಸುತ್ತ ಕೂತಿದ್ದ. ಯಾವ ಮಾತಿಗೂ ಎದುರಾಡುತ್ತಿರಲಿಲ್ಲ. ಅದೂ ಅವಳಿಗೆ ಕಿರಿಕಿರಿಯೇ.

ಮಂಗಳವಾರ ನಸುಕಿಗೇ ಅವಳು ಅಡುಗೆಮನೆಯ ಕೊಳಾಯಿ ತಿರುಗಿಸಿ ಮುಂದೆ ನಿಂತಳು. ನೀರು ಬರುವ ಹೊತ್ತಾಯಿತು. ಬರಲಿಲ್ಲ. ಪಕ್ಕದ ಮನೆಯಲ್ಲಿ ಬಕೆಟ್ಟಿನ ಸದ್ದು. ಅವಳು ಸಿಂಕಿನ ಅಂಚು ಹಿಡಿದುಕೊಂಡಳು. ಎಲ್ಲೋ ಗೋಡೆಯೊಳಗೆ ಪೈಪು ಒಂದು ಸಲ ಟಕ್ಕೆಂದಿತು. ಆಮೇಲೆ ಏನೂ ಇಲ್ಲ. ಆಮೇಲೆ ಕೊಳಾಯಿ ಮೆಲ್ಲಗೆ ಉಸಿರು ಬಿಟ್ಟಿತು. ದಾರದಂಥ ಒಂದು ಎಳೆ ಇಳಿಯಿತು, ಬೆರಳಿನಷ್ಟಾಯಿತು, ಹೆಬ್ಬೆರಳಿನಷ್ಟಾಯಿತು. ಗೋಡೆಯೊಳಗೆ ಒಂದು ಪೈಪೂ ಬಡಿದುಕೊಳ್ಳಲಿಲ್ಲ.

ಇವತ್ತಿಗೆ ಇದ್ದಾನೆ. ನಾಳೆ ಮತ್ತೆ ಹೀಗೇ ಬಂದು ನಿಲ್ಲಬೇಕು, ನಾಡಿದ್ದೂ ನಿಲ್ಲಬೇಕು.

ಹಿಂದೆ ಅತ್ತೆ ಬಂದು ನಿಂತಿದ್ದರು. ಅಂಗೈಗೆ ನೀರು ಹಿಡಿದು ಮೂಗಿಗೆ ಒಡ್ಡಿಕೊಂಡು ಮುಖ ಕಿವುಚಿದರು.

“ಥೂ, ಏನೇ ಇದು, ನೀರೆಲ್ಲ ಔಷಧಿ ವಾಸನೆ. ಬಾಯಿಗಿಡೋ ಹಾಗಿಲ್ಲ. ಯಾವನು ಬಿಟ್ಟಿದ್ದೋ ಇದನ್ನ.”

“ಅದೇ ಕೈಯವನು ಅತ್ತೆ.”

ಅತ್ತೆ ಬಿಂದಿಗೆ ತಂದು ಕೊಳಾಯಿಯ ಕೆಳಗಿಟ್ಟು, “ಹಿಡಿ, ತುಂಬಿಕೋ. ನಿಂತೋಗುತ್ತೆ ಮತ್ತೆ” ಎಂದು ಗೊಣಗಿದರು.